ಬಾಂಡುಂಗ್‌ನಿಂದ ಕಂಡ ಜಗತ್ತು

ಶೀತಲ ಸಮರದ ಬಗ್ಗೆ ನೀವು ಪಠ್ಯಪುಸ್ತಕದಲ್ಲಿ ಓದಿಯೇ ಇರುತ್ತೀರಿ. ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ನೇರವಾಗಿ ಕಾದಾಡದೆ ನಡೆಸಿದ ಹಗೆತನಕ್ಕೆ ಆ ಹೆಸರು. ಆದರೆ ಅದು ಯಾರ ಪಾಲಿಗೆ ಶೀತಲವಾಗಿತ್ತು? ವಾಷಿಂಗ್ಟನ್ನಿಗೂ ಮಾಸ್ಕೋಗೂ ಆ ಮಾತು ಒಪ್ಪಬಹುದು. 1950ರಿಂದ 1953ರವರೆಗೆ ಯುದ್ಧದಲ್ಲಿ ಬೆಂದ ಕೊರಿಯಾದವರಿಗೆ, ಆಮೇಲೆ ವಿಯೆಟ್ನಾಮಿನವರಿಗೆ, ಅದು ಉರಿಯುವ ಬೆಂಕಿಯೇ ಆಗಿತ್ತು. ಲಕ್ಷಾಂತರ ಜನ ಅಲ್ಲಿ ಪ್ರಾಣ ಕಳೆದುಕೊಂಡರು.

ನಾನು ಓದಿದ್ದು ವಿಜ್ಞಾನ. ಓಡುವ ರೈಲಿನೊಳಗೆ ಕುಳಿತವರಿಗೆ ಪಕ್ಕದ ಪ್ರಯಾಣಿಕ ಅಲುಗದೆ ಕುಳಿತಿದ್ದಾನೆ. ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಅದೇ ಪ್ರಯಾಣಿಕ ವೇಗವಾಗಿ ಸಾಗುತ್ತಿದ್ದಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೋಡುವ ನೆಲೆ ಬೇರೆ, ಅಷ್ಟೆ. ಅಂತಾರಾಷ್ಟ್ರೀಯ ರಾಜಕೀಯವನ್ನು ಓದುವಾಗಲೂ ಇದನ್ನು ಮರೆಯಬಾರದು. ಇದಕ್ಕೆ 1955ರ ಬಾಂಡುಂಗ್ ಸಮ್ಮೇಳನ ಒಳ್ಳೆಯ ಉದಾಹರಣೆ.

ಬಾಂಡುಂಗ್ ಇಂಡೋನೇಷ್ಯಾದ ಜಾವಾ ದ್ವೀಪದ ಬೆಟ್ಟಸೀಮೆಯ ಊರು. ಭಾರತ, ಬರ್ಮಾ, ಸಿಲೋನ್, ಪಾಕಿಸ್ತಾನ ಮತ್ತು ಇಂಡೋನೇಷ್ಯಾ ಒಟ್ಟಾಗಿ ಕರೆದ ಈ ಸಮ್ಮೇಳನ ಏಪ್ರಿಲ್ 18ರಿಂದ 24ರವರೆಗೆ ನಡೆಯಿತು. ಏಷ್ಯಾ ಮತ್ತು ಆಫ್ರಿಕಾದ 29 ದೇಶಗಳು ಸೇರಿದ್ದವು. ನೆಹರೂ, ಚೀನಾದ ಚೌ ಎನ್ ಲಾಯ್, ಈಜಿಪ್ಟಿನ ನಾಸೆರ್, ಬರ್ಮಾದ ಯು ನು ಬಂದಿದ್ದರು. ಇಂಡೋನೇಷ್ಯಾದ ಅಧ್ಯಕ್ಷ ಸುಕಾರ್ನೊ ಉದ್ಘಾಟಿಸಿದರು.

ಬಂದವರಲ್ಲಿ ಕೆಲವರಿಗೆ ಆಗಿನ್ನೂ ಸ್ವಾತಂತ್ರ್ಯವೇ ಸಿಕ್ಕಿರಲಿಲ್ಲ. ಸುಡಾನ್ ಸ್ವತಂತ್ರವಾದದ್ದು 1956ರಲ್ಲಿ, ಘಾನಾ ಎಂದು ಹೆಸರಾದ ಗೋಲ್ಡ್ ಕೋಸ್ಟ್ 1957ರಲ್ಲಿ. ತನ್ನದೇ ಬಾವುಟವಿಲ್ಲದ ಸುಡಾನಿಗಾಗಿ ಬಿಳಿಯ ಬಟ್ಟೆಯ ಮೇಲೆ ದೇಶದ ಹೆಸರನ್ನು ಬರೆದು ಹಾರಿಸಲಾಯಿತು. ಸಿಲೋನ್, ನೇಪಾಳ, ಜಪಾನ್‌ಗಳು ಇನ್ನೂ ವಿಶ್ವಸಂಸ್ಥೆಯ ಸದಸ್ಯರಾಗಿರಲಿಲ್ಲ. ಜಗತ್ತಿನ ವಿಷಯದಲ್ಲಿ ಮಾತನಾಡಲು ಇವರಿಗೆ ದೊರೆತ ವೇದಿಕೆ ಇದು.

ಆ ವೇದಿಕೆಗೆ ತಲುಪುವುದೂ ಅಪಾಯದ ಕೆಲಸವಾಗಿತ್ತು. ಏಪ್ರಿಲ್ 11ರಂದು ಚೀನಾದ ಪ್ರತಿನಿಧಿಗಳು ಮತ್ತು ಪತ್ರಕರ್ತರನ್ನು ಹೊತ್ತು ಹಾಂಗ್‌ಕಾಂಗಿನಿಂದ ಜಕಾರ್ತದತ್ತ ಹೊರಟಿದ್ದ ಏರ್ ಇಂಡಿಯಾದ 'ಕಾಶ್ಮೀರ್ ಪ್ರಿನ್ಸೆಸ್' ವಿಮಾನ ಟೈಂಬಾಂಬ್ ಸಿಡಿದು ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 19 ಮಂದಿಯಲ್ಲಿ ಉಳಿದವರು ಮೂವರೇ. ಚೌ ಎನ್ ಲಾಯ್ ಆ ವಿಮಾನ ಹತ್ತಿರಲಿಲ್ಲ.

ಎರಡು ಬಣಗಳ ಯಾವುದಕ್ಕೂ ಸೇರದ ದೇಶಗಳನ್ನು ಪಶ್ಚಿಮದವರು ಅನುಮಾನದಿಂದ ನೋಡಿದರು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡಲ್ಲಸ್ 1956ರಲ್ಲಿ ತಾಟಸ್ಥ್ಯವನ್ನು ಅನೈತಿಕವೆಂದೇ ಟೀಕಿಸಿದರು. ಆದರೆ ನಿನ್ನೆ ಮೊನ್ನೆ ವಸಾಹತು ಆಳ್ವಿಕೆಯಿಂದ ಬಿಡುಗಡೆಯಾದ ದೇಶಕ್ಕೆ ಪರರ ಜಗಳದಲ್ಲಿ ಕಾಲಾಳಾಗದಿರುವುದೇ ಸ್ವಾತಂತ್ರ್ಯದ ಮೊದಲ ಅರ್ಥವಾಗಿತ್ತು.

ಹಾಗೆಂದು ಪೂರ್ವದವರೆಲ್ಲ ಒಂದೇ ದನಿಯಲ್ಲಿ ಮಾತನಾಡಿದರೆಂದು ತಿಳಿಯಬೇಡಿ. ನೆಹರೂ ಮಿಲಿಟರಿ ಒಪ್ಪಂದಗಳನ್ನು ಖಂಡಿಸಿದಾಗ, ಅಂಥ ಒಪ್ಪಂದಕ್ಕೆ ಸೇರಿದ್ದ ಪಾಕಿಸ್ತಾನ ಮತ್ತು ಫಿಲಿಪ್ಪೀನ್ಸ್ ಅವನ್ನು ಸಮರ್ಥಿಸಿದವು. ಪೂರ್ವ ಯೂರೋಪಿನ ಮೇಲೆ ಸೋವಿಯತ್ ಹಿಡಿತವೂ ವಸಾಹತುಶಾಹಿಯೇ ಅಲ್ಲವೇ ಎಂದು ಸಿಲೋನಿನ ಪ್ರಧಾನಿ ಕೊತಲಾವಲ ಕೇಳಿದರು. ಕೊನೆಗೆ ಒಪ್ಪಿದ ಹತ್ತು ತತ್ವಗಳಲ್ಲಿ ಈ ವಾದದ ಗುರುತು ಉಳಿದಿದೆ. ಒಂಟಿಯಾಗಿ ಅಥವಾ ಇತರರ ಜೊತೆಗೂಡಿ ಆತ್ಮರಕ್ಷಣೆ ಮಾಡಿಕೊಳ್ಳುವ ಹಕ್ಕನ್ನು ಐದನೆಯ ತತ್ವ ಒಪ್ಪುತ್ತದೆ. ಅಂಥ ಏರ್ಪಾಡು ದೊಡ್ಡ ರಾಷ್ಟ್ರಗಳ ಸ್ವಾರ್ಥಕ್ಕೆ ಬಳಕೆಯಾಗಬಾರದೆಂದು ಆರನೆಯದು ಹೇಳುತ್ತದೆ. ಎರಡು ಪಕ್ಷಗಳಿಗೂ ಅಲ್ಲಿ ಜಾಗ ಸಿಕ್ಕಿತು.

ಇದರಿಂದ ಆದದ್ದೇನು? ಏಷ್ಯಾ, ಆಫ್ರಿಕಾದ ದೇಶಗಳು ಒಟ್ಟಾಗಿ ಮಾತನಾಡುವ ರೂಢಿ ಬೆಳೆಯಿತು. 1960ರ ಡಿಸೆಂಬರ್ 14ರಂದು 43 ಆಫ್ರೋ-ಏಷ್ಯನ್ ದೇಶಗಳು ಮಂಡಿಸಿದ, ವಸಾಹತುಗಳಿಗೆ ಸ್ವಾತಂತ್ರ್ಯ ನೀಡಬೇಕೆಂಬ ಘೋಷಣೆಯನ್ನು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿತು. ಪರವಾಗಿ 89 ಮತಗಳು ಬಂದವು, ವಿರುದ್ಧ ಒಂದೂ ಇಲ್ಲ. ಮತ ಹಾಕದೆ ಉಳಿದ ಒಂಬತ್ತು ದೇಶಗಳಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿದ್ದವು.

ಸೋಲುಗಳೂ ಇದ್ದವು. ಬಾಂಡುಂಗಿನಲ್ಲಿ ಜೊತೆಗೆ ಕುಳಿತಿದ್ದ ಭಾರತ, ಚೀನಾಗಳ ನಡುವೆ 1962ರಲ್ಲಿ ಯುದ್ಧವಾಯಿತು. 1965ರಲ್ಲಿ ಆಲ್ಜಿಯರ್ಸ್‌ನಲ್ಲಿ ನಡೆಯಬೇಕಿದ್ದ ಎರಡನೆಯ ಸಮ್ಮೇಳನ ನಡೆಯಲೇ ಇಲ್ಲ. ಪಶ್ಚಿಮದ ನೋಟವನ್ನು ಪ್ರಶ್ನಿಸುವಷ್ಟೇ ನಿಷ್ಠುರವಾಗಿ ನಮ್ಮ ನೋಟವನ್ನೂ ಪರೀಕ್ಷಿಸಿಕೊಳ್ಳಬೇಕೆಂಬುದಕ್ಕೆ ಇವು ಸಾಕ್ಷಿ.

ಮುಂದಿನ ಬಾರಿ ಶೀತಲ ಸಮರದ ಪಾಠ ಓದುವಾಗ ಪಕ್ಕದಲ್ಲಿ ಒಂದು ಭೂಪಟ ಇಟ್ಟುಕೊಳ್ಳಿ. ಪಾಠದಲ್ಲಿ ಹೆಸರು ಬಂದ ದೇಶಗಳನ್ನು ಗುರುತಿಸಿ. ಆಮೇಲೆ ಗುರುತಿಲ್ಲದೆ ಉಳಿದ ದೇಶಗಳನ್ನು ನೋಡಿ, ಆ ವರ್ಷಗಳಲ್ಲಿ ಅಲ್ಲೇನು ನಡೆಯುತ್ತಿತ್ತೆಂದು ನಿಮ್ಮ ಅಧ್ಯಾಪಕರನ್ನು ಕೇಳಿ. ಇತಿಹಾಸದ ಉಳಿದರ್ಧ ಅಲ್ಲಿಂದ ತೆರೆದುಕೊಳ್ಳುತ್ತದೆ.