ಎರಡನೆಯ ವಿಕೆಟ್ ಕೀಪರ್

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಊರುಗಳಲ್ಲಿ ಸುಗ್ಗಿಯ ಕೆಲಸ ತೀರಿ, ಶಾಲೆಯ ಬಯಲೂ ಕಟಾವಾದ ಹೊಲವೂ ತರುಣರ ವಶವಾಗುವ ದಿನಗಳಲ್ಲಿ ನಡೆಯುವ ಟೆನಿಸ್ ಚೆಂಡಿನ ಪಂದ್ಯಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ, ಹನ್ನೊಂದು ಮಂದಿಯಲ್ಲಿ ವಿಕೆಟ್ಟಿನ ಹಿಂದೆ ಬಾಗಿ ಕುಳಿತವನ ಸ್ಥಾನವು ಎಂತಹ ವಿಲಕ್ಷಣ ಸ್ಥಾನವೆಂಬುದು ಬಹುಬೇಗ ಗೋಚರವಾಗುತ್ತದೆ. ಬೌಲಿಂಗ್ ಮಾಡುವವರು ನಾಲ್ವರೋ ಐವರೋ ಇರಬಹುದು; ಬ್ಯಾಟು ಎಲ್ಲರ ಕೈಗೂ ಒಮ್ಮೆ ಬರಬಹುದು; ಆದರೆ ಕೀಪಿಂಗ್ ಮಾಡುವವನು ಒಬ್ಬನೇ, ಮತ್ತು ಆ ವಿದ್ಯೆಯನ್ನು ಅವನಷ್ಟೇ ಬಲ್ಲ ಇನ್ನೊಬ್ಬನು ಅದೇ ಊರಿನಲ್ಲಿದ್ದರೆ ಅವನು ದೂರದ ಗೆರೆಯ ಬಳಿ ನಿಂತು ಚೆಂಡನ್ನು ಹೆಕ್ಕಿ ಎಸೆಯುತ್ತಿರಬೇಕಾದುದೇ ಆಟದ ಪದ್ಧತಿಯಾಗಿದೆ. ಕೌಜಲಗಿ ನಿಂಗಮ್ಮನವರ ಕೃಷ್ಣಪಾರಿಜಾತ ಬಯಲಾಟವನ್ನು ಮೆಚ್ಚಿ ಮೆರೆಸಿದ ಈ ಸೀಮೆಯ ಜನರು ಹಿಮ್ಮೇಳದವರ ಬೆಲೆಯನ್ನು ಚೆನ್ನಾಗಿ ಬಲ್ಲರು. ಆದರೆ ಹಿಮ್ಮೇಳದವನ ಕಂಠವಾದರೂ ರಾತ್ರಿಯೆಲ್ಲ ಕೇಳಿಸುತ್ತದೆ, ಎರಡನೆಯ ಕೀಪರನಿಗೆ ಅಷ್ಟು ಭಾಗ್ಯವೂ ಇಲ್ಲ.

ದೊಡ್ಡ ತಂಡಗಳು ಪರದೇಶಯಾತ್ರೆಗೆ ಹೊರಡುವಾಗ ಇಂತಹ ಇನ್ನೊಬ್ಬನನ್ನು ಜೊತೆಗೆ ಕೊಂಡೊಯ್ಯುವುದಕ್ಕೆ ಕಾರಣವು ಸ್ಪಷ್ಟವಾಗಿದೆ. ದಿನವೊಂದಕ್ಕೆ ಐನೂರಕ್ಕೂ ಹೆಚ್ಚು ಸಲ ಕುಳಿತೇಳಬೇಕಾದವನ ಮೊಣಕಾಲೂ ಬೆರಳೂ ಯಾವ ಗಳಿಗೆಯಲ್ಲಿ ಕೈಕೊಟ್ಟಾವೆಂದು ಹೇಳುವಂತಿಲ್ಲ. ಆದರೂ ಬಹುಕಾಲದವರೆಗೆ ಆಟದ ನಿಯಮವು, ಪಂದ್ಯದ ನಡುವೆ ಕೀಪರನು ಗಾಯಗೊಂಡರೆ ಹೊರಗಿನಿಂದ ಬಂದ ಬದಲಿ ಆಟಗಾರನು ಕೈಗವಸು ತೊಡಕೂಡದೆಂದೇ ವಿಧಿಸಿದ್ದಿತು. ಅಂಪೈರರ ಸಮ್ಮತಿಯಿಂದ ಅದಕ್ಕೆ ಅವಕಾಶ ದೊರೆತುದು 2017ರ ನಿಯಮಾವಳಿಯಲ್ಲಿ. ಹೀಗಾಗಿ, ಆ ವಿದ್ಯೆಯನ್ನು ಪೂರ್ಣವಾಗಿ ಕಲಿತವನು ಪೆವಿಲಿಯನ್ನಿನಲ್ಲಿ ಕುಳಿತಿರಲು, ಅದನ್ನು ಅರೆಬರೆ ಬಲ್ಲ ಫೀಲ್ಡರನೊಬ್ಬನು ವಿಕೆಟ್ಟಿನ ಹಿಂದೆ ಪರದಾಡುವ ದೃಶ್ಯವು ಅಪರೂಪವಾಗಿರಲಿಲ್ಲ.

ಕನ್ನಡ ನಾಡಿನಲ್ಲಿ ಈ ಕಾಯುವಿಕೆಯ ಇತಿಹಾಸವನ್ನು ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದ ಬುಧಿಸಾಗರ ಕೃಷ್ಣಪ್ಪ ಕುಂದರನ್ ಅವರಿಂದ ಆರಂಭಿಸುವುದು ಉಚಿತ. ಅವರಿಗೆ ಟೆಸ್ಟಿನ ಕರೆ ಬಂದಾಗ ಬೆಳಗಾವಿ ಜಿಲ್ಲೆ ಮುಂಬಯಿಯಿಂದಲೂ ದಕ್ಷಿಣ ಕನ್ನಡ ಮದರಾಸಿನಿಂದಲೂ ಬೇರ್ಪಟ್ಟು ಒಂದೇ ರಾಜ್ಯಕ್ಕೆ ಸೇರಿ ನಾಲ್ಕು ವರ್ಷಗಳೂ ತುಂಬಿರಲಿಲ್ಲ. ಆಗ ಭಾರತಕ್ಕೆ ಬಂದಿದ್ದ ಆಸ್ಟ್ರೇಲಿಯಾ ತಂಡದೆದುರು ದೆಹಲಿಯ ಟೆಸ್ಟಿನಲ್ಲಿ ಜೋಶಿಯವರನ್ನೂ ಕಾನ್ಪುರದಲ್ಲಿ ನರೇನ್ ತಮ್ಹಾಣೆಯವರನ್ನೂ ಕೀಪರರನ್ನಾಗಿ ನಿಲ್ಲಿಸಿದ ಆಯ್ಕೆದಾರರು, 1960ರ ಜನವರಿಯಲ್ಲಿ ಮುಂಬಯಿಯ ಮೂರನೆಯ ಟೆಸ್ಟಿಗೆ, ಇನ್ನೂ ರಣಜಿ ಪಂದ್ಯವೊಂದನ್ನೂ ಆಡಿರದ ಈ ಇಪ್ಪತ್ತರ ತರುಣನನ್ನು ಕರೆದರು. ತನ್ನದೆನ್ನುವ ಒಳ್ಳೆಯ ಕೈಗವಸುಗಳಿಲ್ಲದ ಕುಂದರನ್ ಅವರು ಅಂದು ತೊಟ್ಟು ಆಡಿದುದು ತಮ್ಹಾಣೆಯವರ ಕೈಗವಸುಗಳನ್ನು. ಯಾರ ಸ್ಥಾನ ಈತನಿಗೆ ದೊರೆಯಿತೋ ಅವರೇ ಕೊಟ್ಟ ಆ ಜೋಡಿ ಕೈಗವಸುಗಳಲ್ಲಿ, ಸ್ಥಾನಪಲ್ಲಟದ ಕಾಠಿಣ್ಯವೂ ಅದನ್ನು ಮೀರಿದ ಸೌಜನ್ಯವೂ ಒಟ್ಟಿಗೆ ಕಾಣುತ್ತವೆಯಾದುದರಿಂದ, ನಮ್ಮ ಕ್ರೀಡಾಚರಿತ್ರೆಯಲ್ಲಿ ಇದಕ್ಕಿಂತ ಉದಾತ್ತವಾದ ಪ್ರಸಂಗವನ್ನು ನಾನು ಬೇರೆ ಕಾಣೆ.

ಮರುವರ್ಷವೇ ಫಾರೂಕ್ ಇಂಜಿನಿಯರ್ ಅವರ ಪ್ರವೇಶವಾಗಿ, ಆ ಸ್ಥಾನವು ಇಬ್ಬರ ನಡುವೆ ಹಲವು ವರ್ಷ ಅತ್ತಿಂದಿತ್ತ ಹೊಯ್ದಾಡಿತು. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನೆದುರು ಕುಂದರನ್ ಮೊದಲ ದಿನದಲ್ಲಿಯೇ 170 ಓಟಗಳನ್ನು ಗಳಿಸಿ, ಒಟ್ಟು 192ಕ್ಕೆ ಔಟಾದರು; ಆ ಸರಣಿಯಲ್ಲಿ ಅವರ ಗಳಿಕೆ 525. ಇಷ್ಟಾದರೂ ಸ್ಥಾನವು ಸ್ಥಿರವಾಗಲಿಲ್ಲ. 1967ರಲ್ಲಿ ಬರ್ಮಿಂಗ್‌ಹ್ಯಾಮಿನ ಟೆಸ್ಟಿನಲ್ಲಿ ಇಬ್ಬರೂ ತಂಡದಲ್ಲಿದ್ದರು; ಕೈಗವಸು ಇಂಜಿನಿಯರ್ ಅವರ ಪಾಲಾಗಿ, ಕುಂದರನ್ ಅವರ ಕೈಗೆ ಹೊಸ ಚೆಂಡನ್ನಿತ್ತು ಬೌಲಿಂಗನ್ನು ಆರಂಭಿಸಹೇಳಿದರು! ಅದೇ ಅವರ ಕೊನೆಯ ಟೆಸ್ಟ್. ಹದಿನೆಂಟು ಟೆಸ್ಟುಗಳಲ್ಲಿ 981 ಓಟಗಳನ್ನು ಮಾಡಿದ ಈ ಧೀರನು ತರುವಾಯ ಸ್ಕಾಟ್ಲೆಂಡಿನಲ್ಲಿ ನೆಲೆಸಿ ಆ ದೇಶದ ಪರವಾಗಿಯೂ ಆಡಿ, 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡನು. ಅವನಿಗೆ ಸಲ್ಲಬೇಕಾದ ಗೌರವವು ಸಂದಿಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಅದೇ ಇಂಜಿನಿಯರ್ ಅವರ ನೆರಳಿನಲ್ಲಿ ಮತ್ತೊಬ್ಬ ಕನ್ನಡ ನಾಡಿನವರು ಬೆಳೆದರು. ಸೈಯದ್ ಕಿರ್ಮಾನಿಯವರು 1971ರಲ್ಲಿ ವಾಡೇಕರರ ವಿಜಯಯಾತ್ರೆಯಲ್ಲಿ ಇಂಗ್ಲೆಂಡಿಗೆ ಹೋದಾಗ ಅವರ ಮುಂದೆ ಇಂಜಿನಿಯರ್ ಮಾತ್ರವಲ್ಲದೆ, ಅದೇ ವರ್ಷ ವೆಸ್ಟ್ ಇಂಡೀಸಿನಲ್ಲಿ ಐದೂ ಟೆಸ್ಟುಗಳಲ್ಲಿ ಕೀಪಿಂಗ್ ಮಾಡಿದ್ದ ಹೈದರಾಬಾದಿನ ಕೃಷ್ಣಮೂರ್ತಿಯವರೂ ಇದ್ದರು. 1974ರಲ್ಲಿ ಪುನಃ ಹೋದರು. ಆಗಲೂ ಟೆಸ್ಟ್ ದೊರೆಯಲಿಲ್ಲ. ಆದರೆ ಈ ಅವಧಿಯನ್ನು ಬರಿದೆ ಕಳೆದ ಕಾಲವೆಂದು ಬಗೆಯುವುದು ತಪ್ಪು. ರಾಜ್ಯದ ತಂಡದಲ್ಲಿ ಅವರು ಕೈಯೊಡ್ಡುತ್ತಿದ್ದುದು ಪ್ರಸನ್ನ ಮತ್ತು ಚಂದ್ರಶೇಖರರ ಎಸೆತಗಳಿಗೆ: ಒಬ್ಬರದು ಗಾಳಿಯಲ್ಲಿ ತಡೆದು ತಡೆದು ಇಳಿಯುವ ಚೆಂಡು, ಇನ್ನೊಬ್ಬರದು ಯಾವ ಕಡೆಗೆ ತಿರುಗೀತೆಂದು ಎಸೆದವರಿಗೇ ಖಚಿತವಿಲ್ಲದಂತೆ ವೇಗವಾಗಿ ಪುಟಿಯುವ ಚೆಂಡು. ಚೆಂಡು ನೆಲ ಮುಟ್ಟುವವರೆಗೆ ಏಳದೆ, ಅದು ಏರಿದಷ್ಟೇ ತಾನೂ ಏರುತ್ತ, ಕೈಯನ್ನು ಹಿಂದಕ್ಕೆ ಸೆಳೆದುಕೊಂಡು ಹಿಡಿಯುವ ಅಭ್ಯಾಸವು ಇಂತಹ ಪಾಠಶಾಲೆಯಲ್ಲಲ್ಲದೆ ಇನ್ನೆಲ್ಲಿ ಸಿದ್ಧಿಸೀತು? 1973-74ರಲ್ಲಿ ಕರ್ನಾಟಕವು ಬೆಂಗಳೂರಿನ ಸೆಮಿಫೈನಲಿನಲ್ಲಿ ಮುಂಬಯಿಯನ್ನು ಹಿಂದಿಕ್ಕಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಥಮ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದುದು ಆ ಕಾಲದಲ್ಲಿಯೇ. 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಕಡೆಗೂ ಬಾಗಿಲು ತೆರೆದಾಗ ಕಿರ್ಮಾನಿಯವರಿಗೆ ಕಲಿಯಬೇಕಾದುದೇನೂ ಉಳಿದಿರಲಿಲ್ಲ. ಎರಡನೆಯ ಟೆಸ್ಟಿನಲ್ಲಿಯೇ ಒಂದು ಇನಿಂಗ್ಸಿನಲ್ಲಿ ಆರು ಮಂದಿಯನ್ನು ಬಲಿ ತೆಗೆದುಕೊಂಡು ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು.

1979ರಲ್ಲಿ ಇಂಗ್ಲೆಂಡಿಗೆ ಅವರನ್ನು ಕೈಬಿಟ್ಟು ತಮಿಳುನಾಡಿನ ಭರತ್ ರೆಡ್ಡಿಯವರನ್ನು ಕಳುಹಿಸಲಾಯಿತು. ಅದೇ ವರ್ಷ ಮರಳಿ ಬಂದ ಕಿರ್ಮಾನಿಯವರು ಮುಂಬಯಿಯಲ್ಲಿ ಆಸ್ಟ್ರೇಲಿಯಾದೆದುರು, ಸಂಜೆಯ ಕೆಲವು ಓವರುಗಳನ್ನು ಕಾಯಲೆಂದು ಕಳುಹಿಸಲ್ಪಟ್ಟು, ಔಟಾಗದೆ 101 ಓಟಗಳನ್ನು ಗಳಿಸಿ ಉತ್ತರವಿತ್ತರು. 1983ರ ಜೂನ್ 18ರಂದು ವಿಶ್ವಕಪ್ಪಿನ ಪಂದ್ಯದಲ್ಲಿ ಟನ್‌ಬ್ರಿಜ್ ವೆಲ್ಸಿನಲ್ಲಿ ಕಪಿಲದೇವರೊಡನೆ ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126 ಓಟಗಳನ್ನು ಕೂಡಿಸಿದುದನ್ನು ಎಲ್ಲರೂ ಬಲ್ಲರು; ಅದರಲ್ಲಿ ಕಿರ್ಮಾನಿಯವರ ಪಾಲು 24 ಮಾತ್ರವೆಂಬುದನ್ನು ನೆನೆಯುವವರು ಕಡಮೆ.

ಅವರು ರಾಷ್ಟ್ರದ ಕರೆಗೆ ಹೋದಾಗ ಕರ್ನಾಟಕದ ಕೈಗವಸನ್ನು ತೊಡುತ್ತಿದ್ದವರಲ್ಲಿ ಬೆಂಗಳೂರಿನ ಸದಾನಂದ ವಿಶ್ವನಾಥ್ ಪ್ರಮುಖರು. ಅತ್ಯಂತ ಚುರುಕಾದ ಈ ತರುಣನು 1985ರಲ್ಲಿ ಹಿರಿಯರ ಸ್ಥಾನಕ್ಕೇ ಬಂದು, ಮೆಲ್ಬರ್ನಿನಲ್ಲಿ ವರ್ಲ್ಡ್ ಚಾಂಪಿಯನ್‌ಷಿಪ್ ಆಫ್ ಕ್ರಿಕೆಟ್ ಪಂದ್ಯಾವಳಿಯ ಫೈನಲಿನಲ್ಲಿ ಶಿವರಾಮಕೃಷ್ಣನ್ ಅವರ ಎಸೆತಕ್ಕೆ ಜಾವೇದ್ ಮಿಯಾಂದಾದರನ್ನು ಸ್ಟಂಪ್ ಮಾಡಿ ದೇಶಕ್ಕೆಲ್ಲ ಪರಿಚಿತನಾದನು. ಆದರೆ ಶ್ರೀಲಂಕಾದ ಮೂರು ಟೆಸ್ಟುಗಳಾದ ಮೇಲೆ ಕೈಗವಸು ಪುನಃ ಕಿರ್ಮಾನಿಯವರಿಗೆ ಮರಳಿತು. ಎಂಬತ್ತೆಂಟು ಟೆಸ್ಟುಗಳಲ್ಲಿ 198 ಬಲಿಗಳನ್ನು ಪಡೆದು ಅವರು 1986ರ ಜನವರಿಯಲ್ಲಿ ಸಿಡ್ನಿಯಲ್ಲಿ ತಮ್ಮ ಕೊನೆಯ ಟೆಸ್ಟನ್ನು ಆಡಿದ ಮೇಲೆ ಆ ಸ್ಥಾನವು ವಿಶ್ವನಾಥರಿಗೆ ಬಾರದೆ, ವೆಸ್ಟ್ ಇಂಡೀಸಿನ ಯಾತ್ರೆಯಲ್ಲಿ ಕಿರ್ಮಾನಿಯವರ ಹಿಂದೆಯೇ ಕಾದಿದ್ದ ಬರೋಡೆಯ ಕಿರಣ್ ಮೋರೆಯವರಿಗೆ ಸಂದಿತು. ವಿಶ್ವನಾಥರು ಆಟವನ್ನು ತೊರೆಯಲಿಲ್ಲ; ಮುಂದೆ ಅಂಪೈರರಾಗಿ ಅದೇ ಮೈದಾನಗಳಲ್ಲಿ ದುಡಿದರು.