ಹಿಮ್ಮಡಿಯ ರಜ್ಜು: ಹೊಲಿಯಬೇಕೆ, ಬಿಡಬೇಕೆ?



ದುರ್ಯೋಧನನಿಗೆ ತೊಡೆ ಹೇಗೋ ಗ್ರೀಕ್ ವೀರ ಅಕಿಲೀಸನಿಗೆ ಹಿಮ್ಮಡಿ ಹಾಗೆ ಮರ್ಮಸ್ಥಾನ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಸೇರಿಸುವ ದಪ್ಪನೆಯ ರಜ್ಜುವಿಗೆ ಅವನ ಹೆಸರನ್ನು ಬಳಕೆಗೆ ತಂದ ಕೀರ್ತಿ, 1693ರಲ್ಲಿ ಅಂಗರಚನಾ ಗ್ರಂಥ ಪ್ರಕಟಿಸಿದ ಫಿಲಿಪ್ ವೆರ್‌ಹೇಯೆನ್ ಎಂಬ ವೈದ್ಯನಿಗೆ ಸಲ್ಲುತ್ತದೆ. ಈ ರಜ್ಜು ಹರಿದರೆ ಹೊಲಿಯಬೇಕೆ, ತಾನಾಗಿ ಕೂಡಲು ಬಿಡಬೇಕೆ ಎಂಬ ವಾದಕ್ಕೆ ದೀರ್ಘ ಇತಿಹಾಸವಿದೆ.

ಇದರ ಮೊದಲ ಪಾಠಗಳನ್ನು ಕಲಿಸಿದವರಲ್ಲಿ ಸ್ವತಃ ರೋಗಿಗಳಾದ ವೈದ್ಯರೂ ಇದ್ದರೆಂಬುದು ಸ್ವಾರಸ್ಯಕರ. ಎಡಿನ್‌ಬರೋದ ಅಂಗರಚನಾ ಪ್ರಾಧ್ಯಾಪಕ ಅಲೆಗ್ಸಾಂಡರ್ ಮನ್ರೋ ತನ್ನ ರಜ್ಜು ಹರಿದಾಗ, ಹಿಮ್ಮಡಿಯನ್ನು ಮೀನಖಂಡದ ಕಡೆಗೆ ಎಳೆದು ಹಿಡಿಯುವ ಪಟ್ಟಿಯುಳ್ಳ ಪಾದರಕ್ಷೆಯನ್ನು ರೂಪಿಸಿಕೊಂಡ. ಪಾದ ಕೆಳಮುಖವಾಗಿ ಚಾಚಿದರೆ ಹರಿದ ತುದಿಗಳು ಸಮೀಪಿಸುತ್ತವೆ. ಚಿಕಿತ್ಸೆಯ ಮೂಲತತ್ತ್ವ ಇಂದಿಗೂ ಅದೇ. 1767ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನಿಗೂ ಇದೇ ಗತಿಯಾಯಿತು. ಆತ ನಾಯಿಗಳ ರಜ್ಜು ಕತ್ತರಿಸಿ, ಅದು ಹೇಗೆ ಕೂಡಿಕೊಳ್ಳುತ್ತದೆಂದು ಪರೀಕ್ಷಿಸಿದ.

ಅವರಾರೂ ಹೊಲಿಸಿಕೊಳ್ಳಲಿಲ್ಲ. ಅರಿವಳಿಕೆ ಬಂದದ್ದು 1846ರಲ್ಲಿ. ಲಿಸ್ಟರನ ಕ್ರಿಮಿನಾಶಕ ವಿಧಾನ 1867ರಲ್ಲಿ. ಅದಕ್ಕೆ ಮೊದಲು ಚರ್ಮ ಸೀಳಿದರೆ ಕೀವಾಗಿ ಪ್ರಾಣವೇ ಹೋಗಬಹುದಿತ್ತು. 1888ರಲ್ಲಿ ಫ್ರಾನ್ಸಿನ ಪೊಲಯೋಂ ಹೊಲಿಗೆಯ ಚಿಕಿತ್ಸೆಯನ್ನು ವರದಿ ಮಾಡಿದ. 1929ರಲ್ಲಿ ಕೆನು ಮತ್ತು ಸ್ಟೊಯಾನೊವಿಚ್, ತಡಮಾಡದೆ ಶಸ್ತ್ರಕ್ರಿಯೆ ನಡೆಸಬೇಕೆಂದು ವಾದಿಸಿದರು. 1977ರಲ್ಲಿ ಮಾ ಮತ್ತು ಗ್ರಿಫಿತ್, ದೊಡ್ಡ ಗಾಯ ಮಾಡದೆ ಸಣ್ಣ ರಂಧ್ರಗಳ ಮೂಲಕ ಹೊಲಿಯುವ ಕ್ರಮವನ್ನು ಪ್ರಕಟಿಸಿದರು.

ಅಷ್ಟರಲ್ಲಿ ಲೋಲಕ ಮತ್ತೆ ಹಿಂದಕ್ಕೆ ತೂಗಿತು. 1981ರಲ್ಲಿ ಸ್ವೀಡನ್ನಿನ ನಿಸ್ಟೋರ್ ಎರಡೂ ವಿಧಾನಗಳನ್ನು ಹೋಲಿಸಿ, ಫಲಿತಾಂಶದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲವೆಂದು ತೋರಿಸಿದ. 2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಹೊಲಿಸಿಕೊಂಡವರೂ ಹೊಲಿಸಿಕೊಳ್ಳದವರೂ ಸಮಾನವಾಗಿ ಚೇತರಿಸಿಕೊಂಡಿದ್ದರು. ಆದರೆ ಹೊಲಿಸಿಕೊಳ್ಳದವರಲ್ಲಿ ರಜ್ಜು ಮತ್ತೆ ಹರಿದದ್ದು ಶೇಕಡ 6.2, ಹೊಲಿಸಿಕೊಂಡವರಲ್ಲಿ 0.6. ನರಕ್ಕೆ ಪೆಟ್ಟಾದದ್ದು ಹೊಲಿಸಿಕೊಳ್ಳದವರಲ್ಲಿ ಶೇಕಡ 0.6, ತೆರೆದ ಶಸ್ತ್ರಕ್ರಿಯೆಯಲ್ಲಿ 2.8, ಸಣ್ಣ ಗಾಯದ ವಿಧಾನದಲ್ಲಿ 5.2. ಆದ್ದರಿಂದ ಇಂದು ಒಂದೇ ಉತ್ತರ ಎಲ್ಲರಿಗೂ ಸಲ್ಲದು. ವಯಸ್ಸು, ಆಟದ ಆಸಕ್ತಿ, ಮಧುಮೇಹ, ಧೂಮಪಾನ ಇವನ್ನು ನೋಡಿ ವೈದ್ಯನೂ ರೋಗಿಯೂ ಕೂಡಿ ನಿರ್ಧರಿಸಬೇಕು.

ಯಾವ ದಾರಿ ಹಿಡಿದರೂ ತಡ ಮಾತ್ರ ಸಲ್ಲದು. ವಾರವಿಡೀ ಮೇಜಿನ ಮುಂದೆ ಕುಳಿತು ಶನಿವಾರ ಬ್ಯಾಡ್ಮಿಂಟನ್ ಅಂಗಳಕ್ಕಿಳಿಯುವ ನಡುವಯಸ್ಸಿನ ಮಿತ್ರರು ಇದನ್ನು ಗಮನಿಸಬೇಕು. ಹಿಂದಿನಿಂದ ಯಾರೋ ಒದ್ದಂತೆ ಭಾಸವಾಗುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಬೇರೆ ಸ್ನಾಯುಗಳ ಬಲದಿಂದ ಪಾದ ಇನ್ನೂ ಅಲುಗುವುದರಿಂದ, ಬರಿಯ ಉಳುಕೆಂದು ಎಣ್ಣೆ ತಿಕ್ಕಿ ಕೂರುವವರುಂಟು. 1957ರಲ್ಲಿ ಸಿಮಂಡ್ಸ್ ವಿವರಿಸಿದ ಪರೀಕ್ಷೆ ಸರಳವಾದದ್ದು: ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದಾಗ ಪಾದ ಕೆಳಮುಖವಾಗಿ ಚಾಚದಿದ್ದರೆ ರಜ್ಜು ಹರಿದಿರುವ ಸಂಭವ ಹೆಚ್ಚು. ಚಾಚಿದರೂ ಸಂಶಯ ಉಳಿದಿದ್ದರೆ, ಅಂದೇ ವೈದ್ಯರನ್ನು ಕಾಣುವುದು ಲೇಸು.