ಮಳೆ ಅಳೆದಷ್ಟು ಮೈ ಅಳೆದಿಲ್ಲ

1872ರ ಜನಗಣತಿಯಲ್ಲಿ ಆಗಿನ ಕಲಾದಗಿ ಜಿಲ್ಲೆಯ, ಅಂದರೆ ಇಂದಿನ ವಿಜಯಪುರ, ಬಾಗಲಕೋಟೆ ಸೀಮೆಯ ಜನಸಂಖ್ಯೆ 8 ಲಕ್ಷ ದಾಟಿತ್ತು. 1881ರ ಹೊತ್ತಿಗೆ ಅದು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ನಡುವೆ ಬಂದು ಹೋದದ್ದು 1876–78ರ ಬರಗಾಲ. ಇದರಲ್ಲಿ ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಆ ಎರಡು ಅಂಕಿಗಳು ಬಿಡಿಸಿ ಹೇಳುವುದಿಲ್ಲ. ವಿಪತ್ತಿನ ಕಾಲದ ಜನಾರೋಗ್ಯದ ಅಧ್ಯಯನ ನಮ್ಮ ಕಡೆ ಶುರುವಾದದ್ದು ಹೀಗೆ, ಇಲ್ಲದವರ ಲೆಕ್ಕದಿಂದ. ಉಳಿದವರ ಬಾಗಿಲಿಗೆ ಹೋಗಿ ಕೇಳುವುದು ಸಂಶೋಧನೆಯ ಪದ್ಧತಿಯಾಗಲು ಸುಮಾರು ನೂರು ವರ್ಷ ಬೇಕಾಯಿತು.

ಹಾಗೆಂದು ಆಗ ಕೇಳುವವರೇ ಇರಲಿಲ್ಲವೆಂದಲ್ಲ. 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಸ್ವಲ್ಪ ಪುಡಿಗಾಸು ಸಾಕೆಂದು ನಿಗದಿ ಮಾಡಿದಾಗ, ಕಲ್ಲು ಒಡೆಯುವ ಮೈಗೆ ಇದು ಸಾಲದು ಎಂದು ಮದ್ರಾಸಿನ ಆರೋಗ್ಯ ಆಯುಕ್ತ ಕಾರ್ನಿಷ್ ಬರೆದು ವಾದಿಸಿದರು. ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಬರ ಬಿದ್ದ ಜಿಲ್ಲೆಗಳಿಂದ ತನ್ನವರ ಮೂಲಕ ಹಳ್ಳಿಗಳ ಸ್ಥಿತಿಗತಿ ತರಿಸಿಕೊಂಡು, ವರದಿ ಮಾಡಿ ಮುಂಬಯಿ ಸರಕಾರಕ್ಕೆ ಕಳಿಸುತ್ತ ಹೋಯಿತು. ಸಮುದಾಯದ ಮಾತನ್ನೇ ಪುರಾವೆಯಾಗಿ ಮುಂದಿಟ್ಟ ನಮ್ಮ ಮೊದಲ ದೊಡ್ಡ ಪ್ರಯತ್ನ ಇದೆಂದು ನಾನು ತಿಳಿಯುತ್ತೇನೆ. ವೈದ್ಯಕೀಯ ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಸ್ವಾತಂತ್ರ್ಯದ ಮೇಲೆ ಅಳತೆಗೋಲು ಬದಲಾಯಿತು. 1972ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಡಿ ಪೋಷಣೆಯ ಮೇಲ್ವಿಚಾರಣಾ ಬ್ಯೂರೋ ಹುಟ್ಟಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಮನೆಗಳಲ್ಲಿ ಊಟ ತೂಗಿದರು, ಮಕ್ಕಳ ಎತ್ತರ, ತೂಕ ನೋಡಿದರು. ಸಾವಿಗೆ ಮುಂಚಿನ ಹಸಿವು ಆಗ ಅಂಕಿಯಲ್ಲಿ ಕಾಣತೊಡಗಿತು. 1981ರಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ಕ್ಷಾಮದ ಪುಸ್ತಕ ಬಂತು. ಕಾಳು ಊರಲ್ಲಿದ್ದರೂ ಕೊಳ್ಳುವ ಶಕ್ತಿ ಕಳೆದುಕೊಂಡವರು ಸಾಯುತ್ತಾರೆ ಎಂಬ ಅವರ ವಾದ, ನೋಟವನ್ನು ಮಳೆಯಿಂದ ಮನುಷ್ಯನ ಕಡೆಗೆ ತಿರುಗಿಸಿತು.

ಮನಸ್ಸಿನ ನೋವಿನ ಕಡೆಗೂ ನೋಟ ಹೊರಳಿತು. ಅದೇ ವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದಿತು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಆ ಕುಟುಂಬಗಳ ದುಃಖವನ್ನು ಅಧ್ಯಯನ ಮಾಡಿದ ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, 1984ರ ಭೋಪಾಲ ವಿಷಾನಿಲ ದುರಂತದ ನಂತರ ಅಲ್ಲಿನ ವೈದ್ಯರಿಗೆ ಮನಸ್ಸಿನ ಗಾಯ ಗುರುತಿಸುವ ತರಬೇತಿ ಕೊಟ್ಟಿತು. ಮನೋವೈದ್ಯ ಆರ್. ಶ್ರೀನಿವಾಸಮೂರ್ತಿ ಆ ತರಬೇತಿಯ ಮುಂದಾಳು. ಭೋಪಾಲದಲ್ಲೇ ಮೆಡಿಕೋ ಫ್ರೆಂಡ್ ಸರ್ಕಲ್ ಎಂಬ ವೈದ್ಯರ ಬಳಗ 1985ರ ಮಾರ್ಚಿನಲ್ಲಿ ಕಾರ್ಖಾನೆ ಹತ್ತಿರದ ಜೆ.ಪಿ. ನಗರವನ್ನೂ ದೂರದ ಅಣ್ಣಾ ನಗರವನ್ನೂ ಮನೆಮನೆ ಹೊಕ್ಕು ಹೋಲಿಸಿ ನೋಡಿತು. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾಗದವರ ಬೇನೆ ಇಂಥ ಅಧ್ಯಯನಗಳಿಂದಲೇ ಹೊರಗೆ ಬಂದದ್ದು.

1990ರ ಆಸುಪಾಸಿನಲ್ಲಿ ಕಲಬುರಗಿಯ ಜಲಾನಯನ ಹಳ್ಳಿಗಳಲ್ಲಿ ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆ ಮಾಡಿದ ಕೆಲಸ ನಮಗೆ ಹತ್ತಿರದ್ದು. ಜನರೇ ಅಂಗಳದಲ್ಲಿ ಕುಳಿತು ರಂಗೋಲಿ ಪುಡಿಯಿಂದ ಊರಿನ ನಕಾಶೆ ಬಿಡಿಸಿದರು. ಬಾವಿ ಎಲ್ಲಿ, ಯಾರ ಮನೆ ಬಡವರದು ಎಂದು ಅವರೇ ತೋರಿಸಿದರು. ಗ್ರಾಮೀಣ ಅಭಿವೃದ್ಧಿಯ ಸಂಶೋಧಕ ರಾಬರ್ಟ್ ಚೇಂಬರ್ಸ್ ಬರಹಗಳ ಮೂಲಕ ಈ ಪದ್ಧತಿ ಜಗತ್ತಿನ ತುಂಬ ಹಬ್ಬಿತು. ಎರೆಮಣ್ಣಿನ ಸೀಮೆಯ ಈ ಕೊಡುಗೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಆದರೆ ಕನ್ನಡ ನೆಲದಲ್ಲಿ ಈ ವಿಷಯಕ್ಕೆ ಆಳ ಕೊಟ್ಟದ್ದು ಕಾಸರಗೋಡಿನ ಪಡ್ರೆ. ಎಣ್ಮಕಜೆ ಪಂಚಾಯಿತಿಯ ಆ ಹಳ್ಳಿಯ ಸುತ್ತಲಿನ ಗೇರು ತೋಟಗಳ ಮೇಲೆ 70ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. 1979ರಲ್ಲೇ ಪತ್ರಕರ್ತ ಶ್ರೀ ಪಡ್ರೆಯವರು ಊನವಾಗಿ ಹುಟ್ಟಿದ ಕರುಗಳ ಬಗ್ಗೆ ಬರೆದಿದ್ದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಇಷ್ಟೇಕೆ ಎಂದು ಕೇಳಿಕೊಂಡು ದಾಖಲಿಸುತ್ತ ಬಂದರು. ಅವರ ಕೈಯಲ್ಲಿ ಪ್ರಯೋಗಾಲಯ ಇರಲಿಲ್ಲ. ಯಾವ ಮನೆಯಲ್ಲಿ ಯಾರಿಗೆ ಏನೆಂಬ ತಿಳಿವಳಿಕೆ ಇತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿಗೆ ಬಂದದ್ದು 2001ರಲ್ಲಿ. ಪಡ್ರೆಯ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಂದಿಗೆ ಅದು ಹೋಲಿಸಿತು. ಪಡ್ರೆಯ ಹುಡುಗರ ರಕ್ತದಲ್ಲಿ ವಿಷದ ಅಂಶ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗಿತ್ತು. 2003ರಲ್ಲಿ ಅದು ಪ್ರಕಟವಾಯಿತು. ಅದಕ್ಕೂ ತಕರಾರು ಎದ್ದಿತು, ಸಮಿತಿಯ ಮೇಲೆ ಸಮಿತಿ ಬಂದವು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿಗೆ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಊರವರು ಮೊದಲೇ ಹೇಳಿದ್ದನ್ನು ವ್ಯವಸ್ಥೆ ಒಪ್ಪಿಕೊಳ್ಳುವಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಹಾಸಿಗೆಯಲ್ಲೇ ಬೆಳೆದಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ವಿಜಯಪುರ ಜಿಲ್ಲೆಯ ನಮ್ಮ ಟಿಕೋಟಾ ಕಡೆಗೆ ಬರೋಣ. ಕಳ್ಳಕವಟಗಿಯಂಥ ಊರುಗಳಲ್ಲಿ ವಿಪತ್ತು ಭೂಕಂಪದಂತೆ ಒಂದು ರಾತ್ರಿಗೆ ಬರುವುದಲ್ಲ. ಮುಂಗಾರು ಕೈಕೊಟ್ಟು, ಕೊಳವೆಬಾವಿ ಬತ್ತಿ, ದ್ರಾಕ್ಷಿ ಪಡ ಉಳಿಸಲು ಟ್ಯಾಂಕರಿಗೆ ಸಾಲ ಮಾಡಿ, ಹೊಲವಿಲ್ಲದವರು ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವಷ್ಟರಲ್ಲಿ ವರ್ಷ ಉರುಳಿರುತ್ತದೆ. ನೀರಾವರಿ ಬಂದು ಈಚೆಗೆ ಕೆಲವೆಡೆ ಸ್ಥಿತಿ ಸುಧಾರಿಸಿರುವುದು ನಿಜ. ಆದರೂ ಬರವನ್ನು ನಾವು ನೋಡುವ ಕಣ್ಣು ಬದಲಾಗಿಲ್ಲ. ರಾಜ್ಯದಲ್ಲಿ ಬರ ಮೇಲ್ವಿಚಾರಣಾ ಕೋಶ 1988ರಲ್ಲೇ ಶುರುವಾಯಿತು. ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತಾರೆ. ಕೇಂದ್ರದ 2016ರ ಬರ ಕೈಪಿಡಿಯಂತೆ ಬರ ಘೋಷಿಸಲು ಮಳೆ, ಬಿತ್ತನೆ, ಮಣ್ಣಿನ ತೇವ, ಬೆಳೆಯ ಹಸಿರು, ಜಲಾಶಯ ಮತ್ತು ಅಂತರ್ಜಲದ ಮಟ್ಟ ನೋಡುತ್ತಾರೆ. ಮನುಷ್ಯನ ಮೈ ಆ ಸೂಚಕಗಳಲ್ಲಿಲ್ಲ.

ಅಂಗನವಾಡಿಯ ದಾಖಲೆಯಲ್ಲಿ ಮಕ್ಕಳ ತೂಕ ತಿಂಗಳಿಗೊಮ್ಮೆ ದಾಖಲಾಗುತ್ತದೆ. ಬಸುರಿಯರ ರಕ್ತಹೀನತೆ ಆಶಾ ಕಾರ್ಯಕರ್ತೆಗೆ ಗೊತ್ತು. ಮಳೆಯ ಅಂಕಿ ಒಂದು ಕಚೇರಿಯಲ್ಲಿ, ತೂಕದ ಅಂಕಿ ಇನ್ನೊಂದರಲ್ಲಿ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು, ಆಮೇಲೆ ಊರ ಹೆಣ್ಣುಮಕ್ಕಳನ್ನು ಕೂಡಿಸಿ ಕೇಳಬೇಕು. ಯಾವ ತಿಂಗಳಲ್ಲಿ ಎರಡನೆಯ ರೊಟ್ಟಿ ಬಿಟ್ಟಿರಿ? ಗುಳೆ ಹೋದಾಗ ಮುದುಕರ ಔಷಧ ತಂದುಕೊಟ್ಟವರು ಯಾರು? ಮಗುವಿನ ಲಸಿಕೆ ಎಲ್ಲಿ ತಪ್ಪಿತು? ಸಾಲದ ಚಿಂತೆಗೆ ನಿದ್ದೆ ಬಿಟ್ಟ ಗಂಡಸನ್ನು ಮೊದಲು ಗಮನಿಸಿದವರು ಯಾರು? ವಿಜಯಪುರದಲ್ಲಿ ವೈದ್ಯಕೀಯ ಕಾಲೇಜಿದೆ, ಮಹಿಳಾ ವಿಶ್ವವಿದ್ಯಾಲಯವಿದೆ. ಈ ಕೆಲಸಕ್ಕೆ ಹೊರಗಿನವರನ್ನು ಕಾಯಬೇಕಿಲ್ಲ.

ಇನ್ನೊಂದು ಮಾತು. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳದ್ದೂ ಇದೇ ನೆಲ, ಇದೇ ಬರ. ಅವರ ಅಂಕಿ ಮುಂಬಯಿಗೆ, ಇವರದು ಬೆಂಗಳೂರಿಗೆ. ಮೊದಲ ಅಧ್ಯಯನ ಈ ಎರಡೂ ಕಡೆಯ ಊರುಗಳನ್ನು ಸೇರಿಸಿಯೇ ನಡೆಯಲಿ. ಬಂದ ಉತ್ತರಗಳನ್ನು ಎಲ್ಲಕ್ಕಿಂತ ಮೊದಲು ಅಲ್ಲಿನ ಗ್ರಾಮಸಭೆಗಳಲ್ಲೇ ಕನ್ನಡದಲ್ಲಿ ಓದಿ ಹೇಳಲಿ, ತಪ್ಪಿದ್ದರೆ ಊರವರು ತಿದ್ದಲಿ.